ಹಳೆಯ ಕೋಡ್ ತೆಗೆಯಲಿ, ಓದುವ ದಾರಿ ಉಳಿಯಲಿ

2025ರ ಜನವರಿಯಲ್ಲಿ ಬಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನ 6.13ನೇ ಆವೃತ್ತಿಯಲ್ಲಿ ರೈಸರ್‌ಎಫ್‌ಎಸ್ ಇಲ್ಲ. 2001ರಲ್ಲಿ ಕರ್ನಲ್ ಸೇರಿ, ಸೂಸೆ ಲಿನಕ್ಸ್‌ನ ಮೊದಲ ಆಯ್ಕೆಯಾಗಿ ಮೆರೆದ ಫೈಲ್ ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ ಅದು. ಅದನ್ನು ರೂಪಿಸಿದ ಕಂಪನಿ ಮುಚ್ಚಿಹೋಗಿ ವರ್ಷಗಳಾಗಿದ್ದವು. ಬಳಕೆ ಬಿಡಿ ಎಂದು 2022ರಲ್ಲೇ ಎಚ್ಚರಿಸಿ, ಆಮೇಲೆ ತೆಗೆದದ್ದು ಸರಿಯಾಗಿಯೇ ಇದೆ. ನೋಡಿಕೊಳ್ಳುವವರಿಲ್ಲದ ಕೋಡ್ ತನ್ನ ಪಾಡಿಗೆ ತಾನು ಮೂಲೆಯಲ್ಲಿ ಬಿದ್ದಿರುವುದಿಲ್ಲ. ಫೈಲ್ ಸಿಸ್ಟಮ್‌ಗಳಿಗೆಲ್ಲ ಸಾಮಾನ್ಯವಾದ ಒಳಪದರ ಬದಲಾದಾಗಲೆಲ್ಲ ಅದನ್ನೂ ತಿದ್ದಬೇಕು. ತಿದ್ದಿದ್ದು ಸರಿಯೇ ಎಂದು ಹೇಳಬಲ್ಲವರು ಮಾತ್ರ ಯಾರೂ ಇರುವುದಿಲ್ಲ. ಕರ್ನಲ್‌ಗೆ ಇಡೀ ಯಂತ್ರದ ಮೇಲೆ ಅಧಿಕಾರವಿದೆ. ಬೇಕೆಂದೇ ಕೆಡಿಸಿದ ಪೆನ್‌ಡ್ರೈವ್ ಒಂದನ್ನು ಓದಲು ಹೋಗಿ ಹಳೆಯ ಕೋಡ್ ಎಡವಿದರೆ, ಆ ಫೈಲ್ ಸಿಸ್ಟಮ್‌ನ ಹೆಸರೇ ಕೇಳದವರ ಕಂಪ್ಯೂಟರೂ ಅಪಾಯಕ್ಕೆ ಸಿಗಬಹುದು.

ಹಳೆಯ ಡಿಸ್ಕ್ ಇಟ್ಟುಕೊಂಡವರ ಗತಿಯೇನು ಎಂಬ ಆಕ್ಷೇಪ ಹಗುರವಾದದ್ದಲ್ಲ. ಬಳಕೆದಾರರ ಕೆಲಸ ಕೆಡಿಸಬಾರದು ಎಂಬುದು ಲಿನಕ್ಸ್‌ನವರೇ ಹಾಕಿಕೊಂಡ ನಿಯಮ. ಆದರೆ ಡಿಸ್ಕನ್ನು ಓದುವುದಕ್ಕೂ ಅದರ ಮೇಲೆ ನಿತ್ಯ ಬರೆಯುವುದಕ್ಕೂ ಅಂತರವಿದೆ. ದೀರ್ಘಕಾಲ ಸುಧಾರಣೆ ಸಿಗುವ ಕರ್ನಲ್ 6.12ರಲ್ಲಿ ರೈಸರ್‌ಎಫ್‌ಎಸ್ ಇನ್ನೂ ಇದೆ. ವರ್ಚುವಲ್ ಯಂತ್ರದಲ್ಲಿ ಆ ಕರ್ನಲ್ ಓಡಿಸಿ ಕಡತ ಹೊರತೆಗೆಯಬಹುದು. ಒಮ್ಮೆ ತೆಗೆದುಕೊಂಡರೆ ಮುಗಿಯಿತು. ಇನ್ನು, ಅನಾಥವಾದದ್ದೆಲ್ಲ ನಿರುಪಯೋಗಿ ಎಂದೂ ಅಲ್ಲ. ಆಪಲ್‌ನ ಹಳೆಯ ಫೈಲ್ ಸಿಸ್ಟಮ್ ಎಚ್‌ಎಫ್‌ಎಸ್‌ನ ಲಿನಕ್ಸ್ ಕೋಡ್ ಕೂಡ ದಿಕ್ಕಿಲ್ಲದೆ ಬಿದ್ದಿತ್ತು. 2025ರಲ್ಲಿ ಅದರ ಹೊಣೆ ಹೊರುವವರು ಮುಂದೆ ಬಂದರು, ಅದು ಉಳಿಯಿತು. ಆದ್ದರಿಂದ ನೋಡಬೇಕಾದದ್ದು ಕೋಡ್‌ನ ವಯಸ್ಸನ್ನಲ್ಲ, ಹೊಣೆಗಾರರಿದ್ದಾರೆಯೇ ಎಂಬುದನ್ನು.

ಓದುವ ದಾರಿ ಬಿಡದೆ ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಕಂಪ್ಯೂಟರ್ ಬೇಕಿಲ್ಲ, ಕರಾವಳಿಯ ಬಾರ್ಕೂರು ಸಾಕು. ಆಳುಪರ ರಾಜಧಾನಿಯಾಗಿದ್ದ, ವಿಜಯನಗರದ ಕಾಲದಲ್ಲಿ ಒಂದು ಪ್ರಾಂತ್ಯದ ಕೇಂದ್ರವಾಗಿದ್ದ ಈ ಊರಿನ ಆಸುಪಾಸಿನಲ್ಲಿ ಕನ್ನಡ ಶಾಸನಗಳ ಜೊತೆಗೆ ತಿಗಳಾರಿ ಲಿಪಿಯ ತುಳು ಶಾಸನಗಳೂ ಸಿಕ್ಕಿವೆ. ಹತ್ತೊಂಬತ್ತನೇ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿತು. ಅಚ್ಚಿನ ಮಟ್ಟಿಗೆ ಅದು ವ್ಯಾವಹಾರಿಕ ಆಯ್ಕೆಯೇ. ಆ ಬಗ್ಗೆ ನನಗೆ ತಕರಾರಿಲ್ಲ. ನಷ್ಟವಾದದ್ದು ಬೇರೆ ಕಡೆ: ಹಳೆಯ ಲಿಪಿ ಓದಲು ಕಲಿಸುವ ಏರ್ಪಾಡು ಬೆಳೆಯಲಿಲ್ಲ. ತಾಳೆಗರಿಗಳು ಉಳಿದವು, ಓದುಗರು ಕಡಿಮೆಯಾದರು. ಕಂಪ್ಯೂಟರ್‌ನಲ್ಲಿ ಎಲ್ಲ ಲಿಪಿಗಳಿಗೂ ಸಾಮಾನ್ಯ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ತಿಗಳಾರಿಗೆ ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ, 16ನೇ ಆವೃತ್ತಿಯಲ್ಲಿ.

ಕನ್ನಡದ ಕಂಪ್ಯೂಟರ್ ಬರವಣಿಗೆಗೂ ಇದೇ ಕಾಯಿಲೆ ತಗಲಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನವಿದ್ದರೂ, ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ರಾಶಿ ಬಿದ್ದಿವೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಅವು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ. ಹೊಸದಾಗಿ ಯಾರೂ ಹಾಗೆ ಬರೆಯುವುದು ಬೇಡ. ಪರಿವರ್ತಿಸುವ ತಂತ್ರಾಂಶಗಳಿವೆ, ಒತ್ತಕ್ಷರ ತಪ್ಪಾದರೆ ಗುರುತಿಸಬಲ್ಲ ಕಣ್ಣುಗಳೂ ಇವೆ. ಪಂಚಾಯಿತಿ, ಸಂಘಸಂಸ್ಥೆ, ಪ್ರಕಾಶಕರು ತಮ್ಮ ಹಳೆಯ ಕಡತಗಳನ್ನು ಈಗಲೇ ಯೂನಿಕೋಡ್‌ಗೆ ತರಲಿ, ಮೂಲ ಕಡತವನ್ನೂ ಅದರ ಫಾಂಟನ್ನೂ ಜೊತೆಗೇ ಕಾದಿಡಲಿ.