ಮೆಟ್ಟಿಲ ಕೆಳಗಿನ ಬಚ್ಚಲು

ಬೀದರ್ ಕೋಟೆಯೊಳಗಿನ ವಸ್ತುಸಂಗ್ರಹಾಲಯ ಇರುವುದು ಹಿಂದಿನ ಅರಮನೆಯ ಹಮಾಮಿನಲ್ಲಿ, ಅಂದರೆ ರಾಜರ ಸ್ನಾನಗೃಹದಲ್ಲಿ. ಆ ಕಟ್ಟಡವನ್ನು ನೋಡಿ ಬಂದ ಮಕ್ಕಳು ಮನೆಯಲ್ಲಿ ಜಳಕಕ್ಕೆ ಹೋಗುವುದು ಎಷ್ಟೋ ಸಲ ಮೆಟ್ಟಿಲ ಕೆಳಗಿನ ಸಂದಿಗೆ. ಸಣ್ಣ ನಿವೇಶನದಲ್ಲಿ ಮನೆ ಕಟ್ಟುವಾಗ ಉಳಿಯುವ ಜಾಗ ಅದೊಂದೇ. ಅಲ್ಲಿ ಸೂರು ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ಅಂದಾಜಿನ ಮೇಲೆ ಕಟ್ಟಿದರೆ ಅಜ್ಜನ ತಲೆಗೆ ದಿನವೂ ಪೆಟ್ಟು. ಆದರೆ ಕಟ್ಟುವ ಮೊದಲೇ ಇಡೀ ಬಚ್ಚಲನ್ನು ಕಾಗದದ ಮೇಲೆ ಕಾಣಬಹುದು. ಅದಕ್ಕೆ ಬೇಕಾದದ್ದು ಹತ್ತನೇ ತರಗತಿಯ ಸಮರೂಪ ತ್ರಿಭುಜದ ಪಾಠ.

ಒಂದು ಮೆಟ್ಟಿಲು 7 ಅಂಗುಲ ಎತ್ತರ, 10 ಅಂಗುಲ ಅಗಲ ಎಂದುಕೊಳ್ಳೋಣ. ಮೊದಲ ಮೆಟ್ಟಿಲಿನಿಂದ ಮುಂದೆ ಹೋದಂತೆ ಪ್ರತಿ 10 ಅಂಗುಲಕ್ಕೆ 7 ಅಂಗುಲ ಎತ್ತರ ಸಿಗುತ್ತದೆ. ಕಾಂಕ್ರೀಟಿನ ದಪ್ಪಕ್ಕೆಂದು ಸುಮಾರು 7 ಅಂಗುಲ ಕಳೆಯಬೇಕು. ಹೀಗೆ 8 ಅಡಿ ದೂರದಲ್ಲಿ ಸೂರಿನ ಎತ್ತರ ಸುಮಾರು 5 ಅಡಿ. 10 ಅಡಿಯಲ್ಲಿ 6 ಅಡಿ 5 ಅಂಗುಲ. 13 ಅಡಿಯಲ್ಲಿ ಎಂಟೂವರೆ ಅಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಬಚ್ಚಲಿನ ಸೂರು ಅತಿ ತಗ್ಗಿನಲ್ಲೂ 2.1 ಮೀಟರ್, ಅಂದರೆ ಸುಮಾರು 7 ಅಡಿ ಇರಬೇಕೆನ್ನುತ್ತದೆ. ಈ ಲೆಕ್ಕದಲ್ಲಿ ಅಷ್ಟು ಎತ್ತರ ಸಿಗುವುದು 11 ಅಡಿಯ ಆಚೆಗೆ ಮಾತ್ರ. ಆದ್ದರಿಂದ ಹೊಸ ಮನೆಗೆ ಈ ಉಪಾಯ ಬೇಡ. ಬೇರೆ ದಾರಿಯಿಲ್ಲದ ಹಳೆಯ ಮನೆಗೆ ಮಾತ್ರ.

ಬಚ್ಚಲನ್ನು ನೆಲದ ಅಳತೆಯಿಂದಲ್ಲ, ಮೈಯ ಚಲನೆಯಿಂದ ಅಳೆಯಬೇಕು ಎಂಬುದೇ ಇಲ್ಲಿನ ಮುಖ್ಯ ಸೂತ್ರ. ಮಣೆಯ ಮೇಲೆ ಕೂತವರ ತಲೆ ಮೂರೂವರೆ ಅಡಿಯ ಒಳಗೇ ಇರುತ್ತದೆ. ಆದರೆ ತಂಬಿಗೆ ಎತ್ತಿ ನೀರು ಸುರಿದುಕೊಳ್ಳಲು ಇನ್ನೂ ಒಂದೂವರೆ ಅಡಿ ಬೇಕು. ಕೂತು ಜಳಕ ಮಾಡುವವರಿಗೆ 5 ಅಡಿ ಸಾಕು, ಶವರಿಗೆ ಸಾಲದು. ಬಾಗಿಲು, ಬಟ್ಟೆಯ ಗೂಟ, ಕನ್ನಡಿ ಇವೆಲ್ಲ ನಿಂತು ಬಳಸುವಂಥವು; ಅವು ಎತ್ತರದ ಕಡೆಗಿರಲಿ. ನೀರಿನ ತೊಟ್ಟಿ, ಬಕೀಟು, ಒಗೆಯುವ ಕಲ್ಲು ತಗ್ಗಿನ ಕಡೆಗೆ ಹೋಗಲಿ.

ಪಾಯಖಾನೆಯೂ ಇಲ್ಲೇ ಬೇಕೆಂದರೆ ಎಚ್ಚರ ಹೆಚ್ಚು. ಕೂರುವಾಗ ಯಾರ ತಲೆಯೂ ತಾಗದು, ಏಳುವಾಗ ತಾಗುತ್ತದೆ. ಕೂತವರ ಬೆನ್ನು ತಗ್ಗಿಗೆ, ಮುಖ ಎತ್ತರಕ್ಕೆ ಇರಬೇಕು. ಕಮೋಡಿನಿಂದ ಏಳುವವರು ಮುಂದಕ್ಕೆ ಬಾಗಿ ಏಳುತ್ತಾರೆ. ಆ ಮುಂದಿನ ಜಾಗದಲ್ಲಿ ಪೂರ್ಣ ಎತ್ತರ ಸಿಗಬೇಕು. ಮಂಡಿ ನೋವಿನ ಹಿರಿಯರಿದ್ದರೆ ಪಕ್ಕದ ಗೋಡೆಗೆ ಗಟ್ಟಿಯಾದ ಹಿಡಿಯೂ ಬೇಕು. ಸಂಹಿತೆಯ ಪ್ರಕಾರ ಬರಿಯ ಬಚ್ಚಲಿಗೆ 1.8 ಚದರ ಮೀಟರ್, ಎರಡೂ ಸೇರಿದರೆ 2.8 ಚದರ ಮೀಟರ್ ಬೇಕು.

ನೀರಿನ ದಾರಿಯನ್ನು ಮಣ್ಣು ನೋಡಿ ಯೋಚಿಸಬೇಕು. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಮೇಲೆ. ಭಾಲ್ಕಿ, ಔರಾದ್ ಕಡೆ ಎರೆಮಣ್ಣು ಹೆಚ್ಚು. ಅದು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಅದರೊಂದಿಗೆ ನೆಲದ ಫರ್ಸಿಯೂ ಕೊಳವೆಯೂ ಅಲುಗುತ್ತವೆ. ಆದ್ದರಿಂದ ಅಡಿಪಾಯದ ಕೆಳಗೆ ಮುರುಮು ತುಂಬಿಸಿ, 5 ಅಡಿಗೆ ಒಂದು ಅಂಗುಲದಷ್ಟು ನೆಲದ ಇಳಿಜಾರು ಬಿಟ್ಟರೆ ನೀರು ನಿಲ್ಲದು.

ಇನ್ನು ಗಾಳಿ. ಬಿಸಿ ಹಬೆ ಮೇಲೇರುವುದರಿಂದ ಗವಾಕ್ಷಿ ಸೂರಿನ ಅತಿ ಎತ್ತರದ ಜಾಗದಲ್ಲಿ, ಹೊರಗೋಡೆಗೇ ಇರಬೇಕು. ತಗ್ಗಿನ ಗೋಡೆಗೆ ಕಿಂಡಿ ಬಿಟ್ಟರೆ ಹಬೆ ಮೇಲಿನ ಮೂಲೆಯಲ್ಲೇ ಉಳಿದು ಗೋಡೆ ಬೂಷ್ಟು ಹಿಡಿಯುತ್ತದೆ. ಹಮಾಮುಗಳ ಗುಮ್ಮಟದ ನೆತ್ತಿಯಲ್ಲಿ ಕಿಂಡಿ ಇಡುತ್ತಿದ್ದುದಕ್ಕೂ ಇದೊಂದು ಕಾರಣ.

ಗ್ಯಾಸ್ ಗೀಸರಿನ ವಿಷಯದಲ್ಲಿ ಮಾತ್ರ ಈ ಗವಾಕ್ಷಿಯನ್ನೂ ನಂಬುವಂತಿಲ್ಲ. 5 ಅಡಿ ಉದ್ದ, 4 ಅಡಿ ಅಗಲ, ಒಂದು ಕಡೆ 5 ಇನ್ನೊಂದು ಕಡೆ ಎಂಟೂವರೆ ಅಡಿ ಎತ್ತರದ ಕೋಣೆಯಲ್ಲಿ ಇರುವುದು ಸುಮಾರು 135 ಘನ ಅಡಿ ಗಾಳಿ. 10 ಅಡಿ ಉದ್ದಗಲ ಎತ್ತರದ ಕೋಣೆಯ ಗಾಳಿಯಲ್ಲಿ ಇದು ಏಳನೇ ಒಂದು ಪಾಲು. ಬಾಗಿಲು ಮುಚ್ಚಿದಾಗ ಆಮ್ಲಜನಕ ಬೇಗ ಕಡಿಮೆಯಾಗಿ, ಅರೆಬರೆ ಉರಿದ ಅನಿಲದಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ತಲೆ ಸುತ್ತಿ ಬಿದ್ದವರಿಗೆ ಚಿಲಕ ತೆಗೆಯುವ ಶಕ್ತಿಯೂ ಇರದು. ಆದ್ದರಿಂದ ಗ್ಯಾಸ್ ಗೀಸರ್ ಬಚ್ಚಲ ಹೊರಗೆ, ತೆರೆದ ಗಾಳಿಯಲ್ಲಿರಲಿ. ಬಿಸಿನೀರಷ್ಟೇ ಕೊಳವೆಯಲ್ಲಿ ಒಳಗೆ ಬರಲಿ.

ಗೌಂಡಿಯನ್ನು ಕರೆಯುವ ಮೊದಲು ಒಂದು ಭಾನುವಾರ ಮಕ್ಕಳ ಕೈಗೆ ಟೇಪು, ಸೀಮೆಸುಣ್ಣ ಕೊಟ್ಟು, ನೆಲದ ಮೇಲೆ ಇಡೀ ನಕ್ಷೆ ಬರೆಯಿಸುವುದು ಒಳ್ಳೆಯದು. ಮನೆಯ ಅತಿ ಎತ್ತರದವರೂ ಅತಿ ಹಿರಿಯರೂ ಅಲ್ಲಿ ಕೂತು, ಎದ್ದು, ಕೈ ಎತ್ತಿ ನೋಡಲಿ. ಸುಣ್ಣದ ಗೆರೆಯನ್ನು ಅಳಿಸಿ ತಿದ್ದಲು ಖರ್ಚಿಲ್ಲ.