ನಾಲ್ಕಂಗುಲ ಸಾಕು

ಬೇಟೆ ಚಾಕು ಎಂದೊಡನೆ ಸಿನಿಮಾ ನಾಯಕನ ಸೊಂಟದಲ್ಲಿ ತೂಗುವ ಮೊಳದುದ್ದದ ಕತ್ತಿ ಕಣ್ಣೆದುರು ಬರುತ್ತದೆ. ಆದರೆ ಅಮೆರಿಕದಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಗೆ ಹೋಗುವ ಅನುಭವಿಗಳು ಕೇಳುವುದು 3-4 ಅಂಗುಲದ ಅಲಗನ್ನು.

ಅದರ ಕೆಲಸ ಕೊಲ್ಲುವುದಲ್ಲ. ಉರುಳಿದ ಪ್ರಾಣಿಯ ಹೊಟ್ಟೆಯನ್ನು ಅಲ್ಲೇ ಸೀಳಿ ಕರುಳು ತೆಗೆಯುವುದು. ತಡವಾದರೆ ಮೈಬಿಸಿಗೇ ಮಾಂಸ ಕೆಡುತ್ತದೆ. ಅವಸರದಲ್ಲಿ ಕರುಳೋ ಮೂತ್ರಕೋಶವೋ ತೂತಾದರೂ ಕೆಟ್ಟಿತು. ಅದಕ್ಕೇ ಬೆನ್ನು ತುದಿಯತ್ತ ಇಳಿಜಾರಾಗಿರುವ ‘ಡ್ರಾಪ್ ಪಾಯಿಂಟ್’ ಅಲಗಿಗೆ ಬೆಲೆ. ಬಾಯಿ ಮೇಲೆ ಮಾಡಿ ಚರ್ಮ ಸೀಳುವಾಗ ಅದರ ಮೊನೆ ಒಳಗೆ ಸುಲಭಕ್ಕೆ ಚುಚ್ಚದು. ಈ ಆಕಾರವನ್ನು ಜನಪ್ರಿಯಗೊಳಿಸಿದವರು ಚಾಕು ತಯಾರಕ ಬಾಬ್ ಲವ್‌ಲೆಸ್ (1929-2010).

ಉಕ್ಕಿನ ಬಗ್ಗೆ ವಾದ ಮುಗಿಯುವುದಿಲ್ಲ. ಕಾರ್ಬನ್ ಉಕ್ಕನ್ನು ಮಸೆಯುವುದು ಸುಲಭ, ಒರೆಸದಿದ್ದರೆ ತುಕ್ಕು. ಸ್ಟೇನ್‌ಲೆಸ್‌ಗೆ ಆ ಕಾಟ ಕಡಿಮೆ. ಹಿಡಿಯ ಬಗ್ಗೆ ಇಷ್ಟು ಜಗಳವಿಲ್ಲ, ಇರಬೇಕಿತ್ತು. ನುಣುಪಾದ ಕೊಂಬಿನ ಹಿಡಿ ಅಂಗಡಿಯಲ್ಲಿ ಚೆಂದ. ರಕ್ತ, ಕೊಬ್ಬು ಮೆತ್ತಿದ ಕೈಯನ್ನು ಎದೆಗೂಡಿನೊಳಗೆ ಕಾಣದ ಕಡೆ ಆಡಿಸುವಾಗ ಅದು ಜಾರಿದರೆ ಬೆರಳಿಗೇ ಸಂಚಕಾರ. ಒರಟು ರಬ್ಬರಿನ ಕಿತ್ತಳೆ ಬಣ್ಣದ ಹಿಡಿ ಆಟಿಕೆಯಂತೆ ಕಾಣುತ್ತದೆ, ನಿಜ. ಆದರೆ ಕೈಯಲ್ಲಿ ನಿಲ್ಲುತ್ತದೆ. ಮುಸ್ಸಂಜೆ ತರಗೆಲೆಯಲ್ಲಿ ಬಿದ್ದರೂ ಸಿಗುತ್ತದೆ.