ಕೃಪೆಯೂ ಕೂಲಿಯೂ

ಪಾಪವಿಮೋಚನೆಯು ದೇವರ ಕೃಪೆಯಿಂದ ಉಚಿತವಾಗಿ ದೊರೆಯತಕ್ಕುದೇ ಹೊರತು ಮನುಷ್ಯನು ತನ್ನ ಪುಣ್ಯಸಂಚಯವನ್ನು ತೆತ್ತು ಕೊಳ್ಳತಕ್ಕುದಲ್ಲವೆಂದೂ, ಪರಿಶುದ್ಧವಾದ ನಡತೆಯು ಆ ವಿಮೋಚನೆಯ ಫಲವಲ್ಲದೆ ಅದರ ಕ್ರಯವಲ್ಲವೆಂದೂ ಪ್ರೊಟೆಸ್ಟಂಟ್ ಸಭೆಗಳು ಲೂಥರನ ಕಾಲದಿಂದ ಬೋಧಿಸುತ್ತ ಬಂದಿವೆ. ಕೇಳುವುದಕ್ಕೆ ಇಷ್ಟು ಸರಳವಾದ ಈ ತತ್ತ್ವವು ಆಚರಣೆಗೆ ಇಳಿದಾಗ ಎಂತಹ ತೊಡಕುಗಳನ್ನು ಹುಟ್ಟಿಸಿತೆಂಬುದನ್ನು ಅರಿಯಬಯಸುವವರು ವಿಟೆನ್‌ಬರ್ಗಿಗೋ ಜಿನೀವಕ್ಕೋ ಹೋಗಬೇಕಾಗಿಲ್ಲ. ಬಾಸೆಲ್ ಮಿಶನ್ನು ನೆಲೆಯೂರಿದ್ದ ಮಂಗಳೂರಿನ ಬಲ್ಮಠದ ಗುಡ್ಡವನ್ನು ಹತ್ತಿದರೆ ಸಾಕು.

ಬಾಸೆಲ್ ಮಿಶನ್ನಿನ ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಮಿಶನ್ನಿನ ಬೇರು ಇದ್ದುದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಲ್ಲಿ. ಹೃದಯವು ಹೊಸತಾಗಿ ಹುಟ್ಟಿದುದೇ ನಿಜವಾದರೆ ಅದರ ಗುರುತು ಮಾತಿನಲ್ಲಿ, ಮನೆಯಲ್ಲಿ, ವ್ಯವಹಾರದಲ್ಲಿ ದಿನದಿನವೂ ಕಾಣಬೇಕೆಂಬುದು ಆ ಪಂಥದ ನಿಷ್ಠುರವಾದ ನಿರೀಕ್ಷೆ. ಎರಡು ವರ್ಷಗಳ ತರುವಾಯ ಬಂದ ಹರ್ಮನ್ ಮೋಗ್ಲಿಂಗನನ್ನು ನಾವು 1843ರ ‘ಮಂಗಳೂರ ಸಮಾಚಾರ’ದ ನಿಮಿತ್ತವಾಗಿ, ಆಮೇಲೆ ಬಂದ ಅದೇ ಮಿಶನ್ನಿನ ಕಿಟ್ಟೆಲನನ್ನು 1894ರ ನಿಘಂಟಿನ ನಿಮಿತ್ತವಾಗಿ ಸ್ಮರಿಸುತ್ತೇವೆ. ಪತ್ರಿಕೆ, ನಿಘಂಟುಗಳು ಅವರ ಕೈಯಿಂದ ಬಂದುವು ನಿಜ. ಆದರೆ ಅವರನ್ನು ಕಡಲು ದಾಟಿಸಿದುದು ವಿಮೋಚನೆಯ ಚಿಂತೆಯೇ. ಕಿಟ್ಟೆಲನು ಕ್ರಿಸ್ತನ ಚರಿತೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿ ‘ಕಥಾಮಾಲೆ’ಯನ್ನು ರಚಿಸಿದುದೂ ಆ ಚಿಂತೆಯಿಂದಲೇ. (ಮುಂದೆ ಅದೇ ಶಿಲುಬೆಯ ಕಥೆಯು ಮಂಜೇಶ್ವರದ ಗೋವಿಂದ ಪೈಗಳ ಕೈಯಲ್ಲಿ ‘ಗೊಲ್ಗೊಥಾ’ ಆಗಿ, ಯಾವ ದೀಕ್ಷಾಸ್ನಾನದ ಅಪೇಕ್ಷೆಯೂ ಇಲ್ಲದೆ ಕನ್ನಡಿಗರ ಸೊತ್ತಾದುದು ಪಾದ್ರಿಗಳು ಎಣಿಸದೆ ಇದ್ದ ಫಲ.)

ದೀಕ್ಷಾಸ್ನಾನ ಹೊಂದಿದವರ ಮುಂದೆ ಮರುದಿನವೇ ನಿಂತ ಪ್ರಶ್ನೆ ಹೊಟ್ಟೆಯದು. ಜಾತಿಯನ್ನು ಬಿಟ್ಟವನಿಗೆ ಜಾತಿಯ ಕಸುಬೂ ತಪ್ಪುತ್ತಿತ್ತು. ಒಡೆಯನ ಗೇಣಿಯ ಭೂಮಿ ತಪ್ಪಿದರೂ ತಪ್ಪಬಹುದಾಗಿತ್ತು. ಹೊಸದಾಗಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹುಮಂದಿ. ಅವರಲ್ಲಿ ಅನೇಕರ ಜೀವನೋಪಾಯವಾದ ಕಳ್ಳಿನ ಮೂರ್ತೆಯನ್ನು ಪಾದ್ರಿಗಳ ಪರಿಶುದ್ಧತೆಯ ಕಲ್ಪನೆಯು ಒಪ್ಪದು. ಆತ್ಮಕ್ಕೆ ರಕ್ಷಣೆಯನ್ನು ಸಾರಿ ಶರೀರವನ್ನು ನಿರುದ್ಯೋಗಕ್ಕೆ ದೂಡುವುದು ಧರ್ಮವೇ ಎಂಬ ಸಂಕಟದಿಂದಲೇ ಬಲ್ಮಠದಲ್ಲಿ ನೇಯ್ಗೆಯ ಕಾರ್ಖಾನೆ ಹುಟ್ಟಿತು. 1851ರಲ್ಲಿ ಬಂದ ಮಿಶನ್ನಿನ ಹಾಲರನು ಅಲ್ಲಿ ಮಗ್ಗಗಳನ್ನು ಹೂಡಿಸಿದನು. ಲೋಕದ ಸೈನ್ಯಗಳಿಗೆ ಉಡುಗೆಯಾದ ಖಾಕಿಯ ಬಣ್ಣವೂ ಅವನ ಕಾರ್ಖಾನೆಯಲ್ಲಿಯೇ ಸಿದ್ಧವಾಯಿತೆಂದು ಮಂಗಳೂರಿಗರು ಅಭಿಮಾನದಿಂದ ಹೇಳಿಕೊಳ್ಳುವುದುಂಟು. 1865ರಲ್ಲಿ ಜೆಪ್ಪುವಿನಲ್ಲಿ ಅದೇ ಮಿಶನ್ನಿನ ಪ್ಲೆಬ್ಸ್ಟನ ಹಂಚಿನ ಕಾರ್ಖಾನೆಯಾಯಿತು. ಕರಾವಳಿಯ ಮುಳಿಮಾಡಗಳು ಹಂಚಿನ ಮನೆಗಳಾಗತೊಡಗಿದುವು.

ಕಾರ್ಖಾನೆಗಳ ಈ ಏರ್ಪಾಡನ್ನು ನಾನು ಮತಪ್ರಸಾರದ ಉಪಾಯವೆಂದು ತಳ್ಳಿಹಾಕಲಾರೆ. ಹಾಗೆ ತಳ್ಳಿಹಾಕುವವರು ಜಾತಿಯಿಂದಲೂ ಕಸುಬಿನಿಂದಲೂ ಏಕಕಾಲದಲ್ಲಿ ಹೊರಬಿದ್ದವನ ಸ್ಥಾನದಲ್ಲಿ ನಿಂತು ಯೋಚಿಸಿದವರಲ್ಲ. ಆದರೆ ಅದನ್ನು ನಿಷ್ಕಳಂಕವೆಂದು ಹೊಗಳುವವರೊಡನೆಯೂ ನನಗೆ ಸಹಮತವಿಲ್ಲ. ವಾರದ ಆರು ದಿನ ಕೂಲಿ ಕೊಡುತ್ತಿದ್ದ ಮಿಶನ್ನೇ ಏಳನೆಯ ದಿನ ಉಪದೇಶವನ್ನೂ ಕೊಡುತ್ತಿತ್ತು; ಮಕ್ಕಳ ಶಾಲೆ ಅದರದು, ಎಷ್ಟೋ ಮಂದಿಗೆ ವಾಸದ ಮನೆಯೂ ಅದರದು; ಕುಡಿದವನನ್ನು, ಜಗಳಾಡಿದವನನ್ನು, ಹಳೆಯ ಆಚಾರಕ್ಕೆ ಮರಳಿದವನನ್ನು ಪ್ರಭುಭೋಜನದಿಂದ ಹೊರಗಿಡುವ ಅಧಿಕಾರವೂ ಅದರದೇ. ಹೀಗೆ ಧಣಿಯೂ ಗುರುವೂ ಒಂದೇ ಆಗಿರುವಲ್ಲಿ ಕಾರ್ಮಿಕನ ಭಕ್ತಿಯಲ್ಲಿ ಭಯದ ಪಾಲೆಷ್ಟು, ಪ್ರೇಮದ ಪಾಲೆಷ್ಟು ಎಂಬುದನ್ನು ಬಿಡಿಸಿ ಹೇಳಬಲ್ಲವರಾರು? ಕೃಪೆಯನ್ನು ಕೂಲಿಯಂತೆ ಗಳಿಸಲಾಗದೆಂದು ವೇದಿಕೆಯಿಂದ ಸಾರುತ್ತಿದ್ದವರೇ ಕಾರ್ಖಾನೆಯಲ್ಲಿ ಕೂಲಿಯನ್ನು ಕೃಪೆಯಂತೆ ಕೊಡತೊಡಗಿದ್ದರು.

ಇದು ಸಣ್ಣ ವಿಪರ್ಯಾಸವಲ್ಲ. ಕೃಪೆಯ ಸಿದ್ಧಾಂತಕ್ಕೆ ಮೂಲಾಧಾರವಾದ ರೋಮಾಪುರದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿಯೇ, ದುಡಿದವನಿಗೆ ಸಲ್ಲುವ ಕೂಲಿಯು ದಾನವಲ್ಲ, ಸಲ್ಲಿಸಲೇಬೇಕಾದ ಋಣವೆಂದು ಪೌಲನು ಒಪ್ಪಿಕೊಂಡೇ ಮುಂದಕ್ಕೆ ಹೋಗುತ್ತಾನೆ. ಆ ವಾದದ ಉತ್ತರಾರ್ಧವನ್ನು ಸಭೆಗಳು ನೂರಾರು ವರ್ಷ ವ್ಯಾಖ್ಯಾನಿಸಿವೆ. ಪೂರ್ವಾರ್ಧದ ಮೇಲೆ ಪ್ರಸಂಗಗಳು ವಿರಳ. ಇನ್ನು ದೇವರು ಪರಿಶುದ್ಧನಾಗಿರುವುದರಿಂದ ಜನರೂ ಪರಿಶುದ್ಧರಾಗಿರಬೇಕೆಂದು ಆಜ್ಞಾಪಿಸುವ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವನ್ನು ತೆರೆದು ನೋಡಿದರೆ, ಅಲ್ಲಿ ಜಪತಪಗಳ ವಿಧಿಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುವು ಬೇರೆಯೇ ಸಂಗತಿಗಳು: ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗೂ ಬಿಡಬೇಕು, ತೂಕದಲ್ಲಿಯೂ ಅಳತೆಯಲ್ಲಿಯೂ ಮೋಸವಿರಬಾರದು, ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಕೂಡದು. ಸುಂಕದ ಗುತ್ತಿಗೆಯ ಜಕ್ಕಾಯನಾದರೂ, ಅಯಾಚಿತವಾಗಿ ಯೇಸು ತನ್ನ ಮನೆಗೆ ಬಂದ ಮೇಲೆಯೇ, ಆಸ್ತಿಯ ಅರ್ಧವನ್ನು ಬಡವರಿಗೂ ಕಿತ್ತುಕೊಂಡುದಕ್ಕೆ ನಾಲ್ಕರಷ್ಟನ್ನು ಕಳೆದುಕೊಂಡವರಿಗೂ ಕೊಡುವೆನೆನ್ನುತ್ತಾನೆ. ಮೊದಲು ಕೃಪೆ, ಆಮೇಲೆ ಲೆಕ್ಕಾಚಾರ. ಆದರೆ ಲೆಕ್ಕಾಚಾರ ತಪ್ಪುವುದಿಲ್ಲ.

ಬಲ್ಮಠದ ಚರಿತ್ರೆಯಲ್ಲಿ ಈ ಕ್ರಮವನ್ನು ಬಾಳಿ ತೋರಿಸಿದವರೊಬ್ಬರನ್ನು ಹೆಸರಿಸೆಂದರೆ ನಾನು ಆನಂದರಾವ್ ಕೌಂಡಿನ್ಯರನ್ನು ಹೆಸರಿಸುವೆನು. ಸಾರಸ್ವತ ಬ್ರಾಹ್ಮಣ ಕುಲದ ಈ ತರುಣನು 1844ರ ಜನವರಿ 6ರಂದು ಮತ್ತಿಬ್ಬರೊಡನೆ ದೀಕ್ಷಾಸ್ನಾನ ಪಡೆದಾಗ ಊರೇ ಕ್ಷೋಭೆಗೊಂಡಿತು. ಅವರ ಪತ್ನಿ ಅವರನ್ನು ಹಿಂಬಾಲಿಸಲಿಲ್ಲ. ವಿಮೋಚನೆಯ ವೆಚ್ಚವನ್ನು ತಾನೊಬ್ಬನೇ ತೆತ್ತೆನೆಂದು ಯಾವ ಮತಾಂತರಿತನೂ ಹೇಳಲಾರನು. ಆ ಹೆಣ್ಣುಮಗಳು ತೆತ್ತುದನ್ನು ಯಾರೂ ಬರೆದಿಡಲಿಲ್ಲ. ಬಾಸೆಲಿನಲ್ಲಿ ಓದಿ ಪಾದ್ರಿಯಾಗಿ ಮರಳಿದ ಕೌಂಡಿನ್ಯರು ಬಲ್ಮಠದ ಸೆಮಿನರಿಯಲ್ಲಿ ಪಾಠ ಹೇಳಿದರು. ಅವರ ಬಾಳಿನ ಕೊನೆಯ ಭಾಗವಾದರೋ ಕೊಡಗಿನ ಆನಂದಪುರದಲ್ಲಿ, ಒಡೆಯರ ಭೂಮಿಗೆ ಕಟ್ಟುಬಿದ್ದು ಜೀತದಲ್ಲಿದ್ದ, ಕೌಂಡಿನ್ಯರ ಪೂರ್ವಜರು ನೆರಳು ಸೋಕಿದರೂ ಮಿಂದು ಮಡಿಯುಡುತ್ತಿದ್ದ ಜನರ ನಡುವೆ ಕಳೆಯಿತು. 1893ರಲ್ಲಿ ಅವರು ತೀರಿಹೋದುದೂ ಅಲ್ಲಿಯೇ. ಅಸ್ಪೃಶ್ಯವೆನಿಸಿದುದರಿಂದ ದೂರ ಸರಿಯುವುದೇ ಶುದ್ಧಿಯೆಂದು ತಿಳಿದ ಮನೆಯಲ್ಲಿ ಹುಟ್ಟಿದವರು ಅದರ ಸಮೀಪಕ್ಕೆ ಹೋಗುವುದನ್ನೇ ಪರಿಶುದ್ಧತೆಯಾಗಿ ಆರಿಸಿಕೊಂಡರು. ಮತಾಂತರವೆಂದೊಡನೆ ತಲೆಗಳನ್ನು ಎಣಿಸಲು ಕುಳಿತುಕೊಳ್ಳುವ ಇಂದಿನ ಚರ್ಚೆಯ ಎರಡು ಪಕ್ಷಗಳಿಗೂ ಇಂತಹ ಬದುಕು ಅಷ್ಟೊಂದು ಪ್ರಯೋಜನಕ್ಕೆ ಬರುವುದಿಲ್ಲ.

ಮೊದಲನೆಯ ಮಹಾಯುದ್ಧವು ಜರ್ಮನ್ ಪಾದ್ರಿಗಳನ್ನು ಕದಲಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದುವು. ಬಲ್ಮಠದಲ್ಲಿ ಇಂದು ಶಾಂತಿ ಕೆಥೆಡ್ರಲ್ ಇದೆ, ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ, ಸುತ್ತಲೂ ಬೆಳೆದು ನಿಂತ ಪಟ್ಟಣವಿದೆ. ಕ್ರೈಸ್ತ ಸಭೆಗಳು ನಾಡಿನಲ್ಲೆಲ್ಲ ಶಾಲೆ, ಕಾಲೇಜು, ಆಸ್ಪತ್ರೆಗಳ ಧಣಿಗಳಾಗಿಯೇ ಉಳಿದಿವೆ. ಆದಕಾರಣ ನನ್ನದೊಂದು ಸೂಚನೆ, ಯಾವ ಒಂದು ಸಂಸ್ಥೆಯನ್ನೂ ಕುರಿತಲ್ಲ, ಎಲ್ಲವನ್ನೂ ಕುರಿತದ್ದು: ಪ್ರತಿಯೊಂದು ಸಭೆಯೂ ವರ್ಷಕ್ಕೊಮ್ಮೆ, ಪ್ರಭುಭೋಜನಕ್ಕೆ ಮುನ್ನ ಪಾಪನಿವೇದನೆ ಮಾಡುವ ಹೊತ್ತಿನಲ್ಲಿ, ತನ್ನ ಸಂಸ್ಥೆಗಳಲ್ಲಿ ಗುಡಿಸುವವರಿಗೆ, ಆಯಾಗಳಿಗೆ, ಗುತ್ತಿಗೆಯ ಕಾವಲುಗಾರರಿಗೆ ಕೊಡುವ ತಿಂಗಳ ಸಂಬಳವೆಷ್ಟು, ಅದು ಯಾವ ತಾರೀಕಿಗೆ ಅವರ ಕೈಸೇರುತ್ತದೆ ಎಂಬುದನ್ನು ವೇದಿಕೆಯಿಂದ ಗಟ್ಟಿಯಾಗಿ ಓದಲಿ. ಅನ್ಯಮತೀಯರ ಮಠಮಂದಿರಗಳೂ ಧರ್ಮಾದಾಯ ಸಂಸ್ಥೆಗಳೂ ಈ ಪದ್ಧತಿಯನ್ನು ಅನುಸರಿಸಬಯಸಿದರೆ ಅದಕ್ಕೆ ದೀಕ್ಷಾಸ್ನಾನವೇನೂ ಬೇಕಾಗಿಲ್ಲ.